ಕಿರಕಿರಿ ನಿಂತ ಭಾನುವಾರ

ಶಬ್ದ ಅಂಥ ದೊಡ್ಡದೇನೂ ಆಗಿರಲಿಲ್ಲ. ಬಲಗಡೆಯ ಪೆಡಲ್ ಮೇಲಿನಿಂದ ಕೆಳಕ್ಕೆ ಇಳಿಯುವಾಗ ಒಂದು ಸಲ ‘ಕಿರ್‌ಕ್’ ಅನ್ನುತ್ತಿತ್ತು, ಅಷ್ಟೆ. ಹೊಸ ಚಪ್ಪಲಿ ಮೆಟ್ಟಿದವರು ಆಸ್ಪತ್ರೆಯ ವರಾಂಡದಲ್ಲಿ ಮೆಲ್ಲಗೆ ನಡೆಯಲು ಹೋದಾಗ ಬರುತ್ತದಲ್ಲ, ಆ ಥರ. ಅದು ಶುರುವಾಗಿ ನಾಲ್ಕು ತಿಂಗಳಾಗಿತ್ತು. ಸೈಕಲ್ಲಿನ ಯಜಮಾನರಿಗೆ ಅದು ತಮ್ಮದೇ ಉಸಿರಾಟದಷ್ಟು ರೂಢಿಯಾಗಿಹೋಗಿತ್ತು.

ಯಜಮಾನರೆಂದರೆ ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು. ಬೀದಿಯವರೆಲ್ಲ ಅವರನ್ನು ಲ್ಯಾಬ್ ಸಾರ್ ಎಂದೇ ಕರೆಯುತ್ತಿದ್ದರು. ವಯಸ್ಸು ನಲವತ್ತಾರು, ದಪ್ಪ ಕನ್ನಡಕ, ಕೂತು ಮಾಡುವ ಕೆಲಸಕ್ಕೆ ತಕ್ಕ ಹೊಟ್ಟೆ. ಎರಡು ವರ್ಷದ ಹಿಂದೆ ವೈದ್ಯರೊಬ್ಬರು ಇವರದೇ ರಕ್ತದ ವರದಿ ನೋಡಿ ತುಟಿ ಕಚ್ಚಿದ್ದರಿಂದ ಹೆದರಿ ಒಂದು ಮೌಂಟನ್ ಬೈಕ್ ಕೊಂಡಿದ್ದರು. ಹೆದರಿಕೆ ಒಂದು ತಿಂಗಳಲ್ಲಿ ಹೋಯಿತು, ಸೈಕಲ್ಲಿನ ಹುಚ್ಚು ಮಾತ್ರ ಉಳಿಯಿತು. ಅಂಗೈ ಅಗಲದ ಹಲ್ಲುಹಲ್ಲಿನ ಟೈರು, ಮುಂದೆ ಕುಣಿಯುವ ಫೋರ್ಕು, ಇಪ್ಪತ್ತೊಂದು ಗೇರು. ಅದರಲ್ಲಿ ಅವರು ಬಳಸುತ್ತಿದ್ದದ್ದು ಮೂರು. ಉಳಿದ ಹದಿನೆಂಟನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚೊಕ್ಕವಾಗಿಟ್ಟಿದ್ದರು. ಸೈಕಲ್ಲು ಮಲಗುತ್ತಿದ್ದದ್ದು ಹಾಲಿನಲ್ಲಿ, ಸೋಫಾದ ಹಿಂದೆ. ಬಂದ ನೆಂಟರು ಕೂತು ಹಿಂದಕ್ಕೆ ಒರಗಿದರೆ ಹ್ಯಾಂಡಲ್ಲು ಅವರ ಕತ್ತಿನ ಮೇಲೆ ಕೈಯಿಟ್ಟಂತಾಗುತ್ತಿತ್ತು.

ಪ್ರತಿ ಭಾನುವಾರ ಸಂಜೆ ನಾಲ್ಕಕ್ಕೆ ಆರು ಜನರ ಗುಂಪು ಊರಾಚೆಯ ಗುಡ್ಡಕ್ಕೆ ಸೈಕಲ್ ಹೊಡೆಯುತ್ತಿತ್ತು. ಗುಂಪಿನ ಮುಂದೆ ಪಶುವೈದ್ಯರು, ಅವರ ಹಿಂದೆ ಬೇಕರಿಯವರು, ಆಮೇಲೆ ಇನ್ನು ಮೂವರು, ಆಮೇಲೆ ಸುಮಾರು ಖಾಲಿ ಜಾಗ, ಆಮೇಲೆ ಲ್ಯಾಬ್ ಸಾರ್.

ಹೋದ ಭಾನುವಾರ ಒಂದು ಅನಾಹುತವಾಯಿತು. ಗುಡ್ಡದ ಕೆಳಗಿನ ಟೀ ಅಂಗಡಿಯ ಹಿಂಬದಿಯಲ್ಲಿ ಲ್ಯಾಬ್ ಸಾರ್ ಟೈರಿಗೆ ಗಾಳಿ ಹೊಡೆಯುತ್ತಿದ್ದರು. ಮುಂಬದಿಯಲ್ಲಿ ಬೇಕರಿಯವರ ದನಿ ಕೇಳಿಸಿತು.

“ಎಲ್ರೂ ಬಂದಾಯ್ತಲ್ಲ. ಕಿರಕಿರಿ ಎಲ್ಲಿ?”

“ಇಲ್ಲೇ ಎಲ್ಲೋ ಇರತ್ತೆ ಬಿಡಿ,” ಅಂದರು ಪಶುವೈದ್ಯರು. “ಕಿರಕಿರಿ ನಮ್ಮನ್ನ ಬಿಟ್ಟು ಎಲ್ಲಿಗೆ ಹೋಗತ್ತೆ?”

ಐದೂ ಜನ ನಕ್ಕರು. ಲ್ಯಾಬ್ ಸಾರ್ ಕೈಯಲ್ಲಿದ್ದ ಪಂಪು ನಿಂತಿತು. ಎರಡು ವರ್ಷದಿಂದ ಜೊತೆಗಾರರು ಅಂದುಕೊಂಡವರ ಬಾಯಲ್ಲಿ ತಮ್ಮ ಹೆಸರು ಕಿರಕಿರಿ. ಆ ವಾರವಿಡೀ ಅವರಿಗೆ ಊಟ ಸೇರಲಿಲ್ಲ. ಲ್ಯಾಬಿನಲ್ಲಿ ಸೂಜಿ ಚುಚ್ಚಿಸಿಕೊಂಡವರು ಹಾ ಅನ್ನುವ ಮೊದಲೇ ಇವರು ನಿಟ್ಟುಸಿರು ಬಿಡುತ್ತಿದ್ದರು. ಕೊನೆಗೆ ಒಂದು ತೀರ್ಮಾನಕ್ಕೆ ಬಂದರು. ಮುಂದಿನ ಭಾನುವಾರ ನಾಲ್ಕು ಗಂಟೆಯೊಳಗೆ ಆ ಶಬ್ದದ ಹುಟ್ಟಡಗಿಸಬೇಕು.

ಭಾನುವಾರ ಬೆಳಗ್ಗೆ ಎಂಟಕ್ಕೆ ಹಾಲಿನ ನೆಲದ ಮೇಲೆ ಹಳೆಯ ಪೇಪರು ಹಾಸಿ, ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿದರು. ಹೆಂಡತಿ ಕಾಫಿ ಲೋಟ ಹಿಡಿದು ಬಂದವಳು ನಿಂತು ನೋಡಿದಳು.

“ಎಷ್ಟೊತ್ತು ಹಿಡಿಯತ್ತೆ?”

“ಅರ್ಧ ಗಂಟೆ ಕಣೇ. ಒಂದು ಸಣ್ಣ ಶಬ್ದ.”

“ಅಡುಗೆಮನೆ ಬಾಗಿಲು ಒಂದು ವರ್ಷದಿಂದ ಕಿರುಗುಡ್ತಾ ಇದೆ. ಅದು ನಿಮ್ಮ ಕಿವಿಗೆ ಬೀಳಲ್ವಾ?”

“ಬಾಗಿಲು ತಗೊಂಡು ಗುಡ್ಡ ಹತ್ತಕ್ಕಾಗತ್ತೇನೇ?”

ಆಕೆ ಕಾಫಿ ಲೋಟವನ್ನು ಕೊಡದೆ ವಾಪಸ್ ಹಿಡಿದುಕೊಂಡೇ ಒಳಗೆ ಹೋದಳು. ಹೋಗುವಾಗ ಬಾಗಿಲನ್ನು ಬೇಕೆಂದೇ ನಿಧಾನವಾಗಿ ಎಳೆದುಕೊಂಡಳು.

ಲ್ಯಾಬ್ ಸಾರ್ ಪೆಡಲ್ಲುಗಳನ್ನು ಬಿಚ್ಚಿ, ಒರೆಸಿ, ಗ್ರೀಸು ಹಚ್ಚಿ ತಿರುಗಿ ಹಾಕಿದರು. ಸೈಕಲ್ಲನ್ನು ಮೊದಲ ಮಹಡಿಯ ಮೆಟ್ಟಿಲ ಬಳಿಯ ವರಾಂಡಕ್ಕೆ ತಂದು, ಹತ್ತಿ ಕೂತು, ಗೋಡೆ ಹಿಡಿದುಕೊಂಡು ಒಂದು ಸಲ ತುಳಿದರು. ಕಿರ್‌ಕ್.

“ಸೀಟು,” ಎಂದಿತು ಮೇಲಿನಿಂದ ಒಂದು ದನಿ.

ಮೆಟ್ಟಿಲ ಮೇಲೆ ಮೂರನೆಯ ಮಹಡಿಯ ಗಾರ್ಡ್ ಸಾಹೇಬರು ನಿಂತಿದ್ದರು. ಗೂಡ್ಸ್ ರೈಲಿನ ಗಾರ್ಡಾಗಿ ನಿವೃತ್ತರಾಗಿ ಹತ್ತು ವರ್ಷವಾಗಿತ್ತು. ರೈಲು ಇವರನ್ನು ಬಿಟ್ಟಿದ್ದರೂ ಇವರು ರೈಲನ್ನು ಬಿಟ್ಟಿರಲಿಲ್ಲ. ಈಗಲೂ ಯಾರದೇ ಮನೆಯ ಬಾಗಿಲು ಹಾಕಿದ ಸದ್ದಾದರೆ ಗಡಿಯಾರ ನೋಡಿಕೊಳ್ಳುತ್ತಿದ್ದರು.

“ಮೂವತ್ತೈದು ವರ್ಷ ಬರೀ ಶಬ್ದ ಕೇಳಿದೋನು ನಾನು,” ಎನ್ನುತ್ತ ಇಳಿದು ಬಂದರು. “ನಲವತ್ತು ಡಬ್ಬಿಯಲ್ಲಿ ಯಾವ ಗಾಲಿ ಅಳ್ತಾ ಇದೆ ಅಂತ ಹಿಂದೆ ಕೂತು ಹೇಳ್ತಿದ್ದೆ. ಇದು ಸೀಟು. ಬಿಚ್ಚಪ್ಪ.”

ಲ್ಯಾಬ್ ಸಾರ್ ಸೀಟು ಬಿಚ್ಚಿದರು. ಸೀಟಿಲ್ಲದ ಸೈಕಲ್ಲನ್ನು ನಿಂತೇ ತುಳಿದರು. ಕಿರ್‌ಕ್.

“ಹಾಗಾದ್ರೆ ಹ್ಯಾಂಡಲ್ಲು,” ಎಂದರು ಗಾರ್ಡ್ ಸಾಹೇಬರು, ಸ್ವಲ್ಪವೂ ನಾಚದೆ.

ಹ್ಯಾಂಡಲ್ಲು ಬಿಚ್ಚುವ ಹೊತ್ತಿಗೆ ಕೆಳಮನೆಯ ಟೈಲರ್ ಅಕ್ಕ ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡು ಹತ್ತಿ ಬಂದಳು. ಒಂದು ಕೈಯಲ್ಲಿ ಹೊಲಿಗೆ ಮಿಷನ್ನಿನ ಎಣ್ಣೆಬುಡ್ಡಿ.

“ಬೆಳಗಿಂದ ಕೇಳ್ತಾ ಇದೀನಿ ಸಾರ್, ಇದು ಒಣಗಿರೋ ಶಬ್ದ. ನನ್ನ ಮಿಷನ್ನೂ ಹಿಂಗೇ ಮಾಡತ್ತೆ. ನಾಲ್ಕು ತೊಟ್ಟು ಬಿಡಿ, ಕೂಸಿನ ಥರ ನಿದ್ದೆ ಮಾಡತ್ತೆ.”

“ಎಣ್ಣೆಯಿಂದ ಎಲ್ಲ ಸರಿ ಹೋಗೋದಾಗಿದ್ರೆ ರೈಲ್ವೆಯಲ್ಲಿ ಫಿಟ್ಟರುಗಳು ಯಾಕಮ್ಮ?”

“ನಿಮ್ಮ ರೈಲು ಯಾವತ್ತು ಸರಿಯಾದ ಹೊತ್ತಿಗೆ ಬಂದಿದೆ, ಹೇಳಿ ನೋಡೋಣ.”

ಇವರಿಬ್ಬರಿಗೂ ಹಳೆಯ ಜಗಳ. ನಡುವೆ ಸಿಕ್ಕಿದ ಲ್ಯಾಬ್ ಸಾರ್ ಇಬ್ಬರನ್ನೂ ಸಮಾಧಾನ ಮಾಡಲು ಹೋಗಿ ಎರಡೂ ಮಾಡಿದರು. ಎಣ್ಣೆಯನ್ನೂ ಬಿಟ್ಟರು, ಹ್ಯಾಂಡಲ್ಲನ್ನೂ ಕಳಚಿದರು. ಪೆಡಲ್ಲನ್ನು ಕೈಯಿಂದ ತಿರುಗಿಸಿ ನೋಡಿದರೆ ಶಬ್ದ ಅಲ್ಲೇ ಇತ್ತು. ಎಣ್ಣೆ ಕುಡಿದು ಇನ್ನಷ್ಟು ಕಂಠ ಬಂದಂತಿತ್ತು.

ಹನ್ನೊಂದು ಗಂಟೆಯ ಹೊತ್ತಿಗೆ ಸೈಕಲ್ಲು ಅನ್ನುವುದು ಉಳಿದಿರಲಿಲ್ಲ. ಊಟದ ಮೇಜಿನ ಮೇಲೆ ಲ್ಯಾಬಿನ ಪ್ಲಾಸ್ಟಿಕ್ ಡಬ್ಬಿಗಳು ಸಾಲಾಗಿ ಕೂತಿದ್ದವು. ಪುಟ್ಟ ಮುಚ್ಚಳದ, ಮೂತ್ರದ ಮಾದರಿ ತುಂಬಿಸಿಕೊಳ್ಳುವ ಡಬ್ಬಿಗಳು. ಹಳೆಯದೊಂದು ಪೆಟ್ಟಿಗೆ ತುಂಬ ಅವರ ಬಳಿ ಇದ್ದವು. ಒಂದೊಂದಕ್ಕೂ ಚೀಟಿ ಅಂಟಿಸಿ, ‘ಮುಂದಿನ ಬ್ರೇಕಿನ ತಿರುಪು’, ‘ಬಲಗಡೆ ವಾಷರ್’, ‘ಏನೋ ಗೊತ್ತಿಲ್ಲ ೧’, ‘ಏನೋ ಗೊತ್ತಿಲ್ಲ ೨’ ಎಂದು ದುಂಡಗೆ ಬರೆದಿದ್ದರು. ಕೊನೆಯ ನಾಲ್ಕು ಡಬ್ಬಿಗಳಲ್ಲಿ ಫೋರ್ಕಿನಿಂದ ಇಳಿಸಿದ ಹಳೆಯ ಎಣ್ಣೆ. ತಿಳಿ ಹಳದಿ ಬಣ್ಣ.

ಸ್ನಾನ ಮುಗಿಸಿ ಬಂದ ಹೆಂಡತಿ ಮೇಜಿನ ಹತ್ತಿರ ಬಂದು ನಿಂತಳು. ಡಬ್ಬಿಗಳನ್ನು ನೋಡಿದಳು. ಅವುಗಳ ಪಕ್ಕದಲ್ಲೇ ಇದ್ದ ಬ್ರೆಡ್ಡನ್ನು ನೋಡಿದಳು. ಕುರ್ಚಿಯಲ್ಲಿ ಆರಾಮಾಗಿ ಕೂತಿದ್ದ ಗಾರ್ಡ್ ಸಾಹೇಬರನ್ನು ನೋಡಿದಳು.

“ಇದು ಯಾರದು?” ಎಂದಳು ಮೆಲ್ಲಗೆ.

“ಸೈಕಲ್ಲಿಂದು ಕಣೇ.”

“ಸೈಕಲ್ಲಿಗೂ ಪರೀಕ್ಷೆ ಮಾಡಿಸ್ತಾ ಇದೀರಾ?”

ಬ್ರೆಡ್ಡು ಒಳಗೆ ಹೋಯಿತು. ಅದರ ಹಿಂದೆ ಮಧ್ಯಾಹ್ನದ ಅಡುಗೆಯ ಆಸೆಯೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿತು.

ಉಳಿದಿದ್ದದ್ದು ಹಿಂದಿನ ಗಾಲಿಯ ನಡುವಿನ ಗುಂಬ ಒಂದೇ. ಅದನ್ನು ಬಿಚ್ಚಬಾರದು ಎಂದು ಸೈಕಲ್ ಅಂಗಡಿಯವನು ಕೈಮುಗಿದು ಹೇಳಿದ್ದ. ಅದನ್ನೇ ಹೇಳಿದರು ಲ್ಯಾಬ್ ಸಾರ್.

“ಬಿಚ್ಚಬಾರದು ಅಂತ ಹೇಳಿದ ಕಡೆನೇ ರೋಗ ಇರೋದು,” ಎಂದರು ಗಾರ್ಡ್ ಸಾಹೇಬರು. ಅವರು ಅಷ್ಟರಲ್ಲಿ ಮೇಲಿನಿಂದ ಒಂದು ಸುತ್ತಿಗೆ ತಂದಿದ್ದರು. ಗಾಲಿಯನ್ನು ಮೆಟ್ಟಿಲ ಬಳಿ ಮಲಗಿಸಿ, ಕಿವಿಯಿಟ್ಟು, ಟಕ್ ಎಂದು ತಟ್ಟಿದರು. ಮತ್ತೆ ಟಕ್. ಮೂರನೆಯ ಟಕ್ಕಿಗೆ ಗುಂಬದ ಬಾಯಿ ತೆರೆದುಕೊಂಡಿತು. ಹೊಟ್ಟೆಯೊಳಗೆ ಗ್ರೀಸು ಮೆತ್ತಿಕೊಂಡು ಸುಖವಾಗಿದ್ದ ಉಕ್ಕಿನ ಗುಂಡುಗಳು, ಶಾಲೆ ಬಿಟ್ಟ ಮಕ್ಕಳ ಹಾಗೆ ಹೊರಬಿದ್ದು ಮೆಟ್ಟಿಲ ಮೇಲೆ ಟಣ ಟಣ ಕುಣಿಯುತ್ತ ಇಳಿದುಹೋದವು.

ಕೊನೆಯ ಗುಂಡು ಕೆಳಗಿನ ಬಾಗಿಲಿಗೆ ಬಡಿದ ಸದ್ದು ಕೇಳಿದ ಮೇಲೆ ಗಾರ್ಡ್ ಸಾಹೇಬರು ಗಡಿಯಾರ ನೋಡಿಕೊಂಡು, “ಹನ್ನೆರಡೂ ಇಪ್ಪತ್ತು,” ಎಂದರು.

ಆಮೇಲಿನ ಒಂದೂವರೆ ಗಂಟೆ ಆ ಕಟ್ಟಡದ ಜನ ಮಂಡಿಯೂರಿದ್ದರು. ಎರಡನೆಯ ಮಹಡಿಯ ದಂತವೈದ್ಯರ ಹೆಂಡತಿ ಟಾರ್ಚು ತಂದರು. ಟೈಲರ್ ಅಕ್ಕ ಬಿದ್ದ ಗುಂಡುಸೂಜಿ ಆರಿಸುವ ಅಯಸ್ಕಾಂತ ತಂದು ಮೆಟ್ಟಿಲು ಮೆಟ್ಟಿಲಿಗೂ ಎಳೆದಳು. ಹದಿನೇಳು ಗುಂಡು ಬಂದವು, ಜೊತೆಗೆ ಅರುವತ್ತು ಗುಂಡುಸೂಜಿ, ಯಾರದೋ ಒಂದು ಕಿವಿಯೋಲೆಯ ತಿರುಪು, ಒಂದು ಬೀಗದ ಕೈ.

“ಇನ್ನೆಷ್ಟು ಬರಬೇಕು ಸಾರ್?”

ಲ್ಯಾಬ್ ಸಾರ್ ಬೆವರು ಒರೆಸಿಕೊಂಡರು. ತೊಟ್ಟು ರಕ್ತದಲ್ಲಿರುವ ಕಣಗಳನ್ನು ದಿನಾ ಎಣಿಸುವ ಮನುಷ್ಯ ಇದನ್ನು ಎಣಿಸಿರಲಿಲ್ಲ.

“ಹದಿನೆಂಟು ಇರಬೇಕು,” ಎಂದರು.

“ಹದಿನೆಂಟೇ ಯಾಕೆ?”

“ಸಮಸಂಖ್ಯೆ ಇರತ್ತೆ ಅಂತ.”

ಹದಿನೆಂಟನೆಯದು ಗಾರ್ಡ್ ಸಾಹೇಬರ ಚಪ್ಪಲಿಯ ಅಡಿಯಲ್ಲೇ ಸಿಕ್ಕಿತು. ಅದು ತಮಗೆ ಮೊದಲೇ ಗೊತ್ತಿತ್ತು ಎಂಬ ಮುಖ ಮಾಡಿದರು ಅವರು.

ಎರಡು ಗಂಟೆಗೆ ಜೋಡಿಸಲು ಕೂತರು. ನಾಲ್ಕು ಕೈ ಸಾಲದೆ ಹೆಂಡತಿಯೂ ಬಂದು ಚೈನು ಹಿಡಿದಳು. ಹೊಟ್ಟೆಗಿಲ್ಲದ ಗಂಡನ ಮುಖ ನೋಡಿ ಮನಸ್ಸು ಕರಗಿತ್ತು. ಅವಳು ತಂದ ಚಿತ್ರಾನ್ನವನ್ನು ಲ್ಯಾಬ್ ಸಾರ್ ಗ್ರೀಸಿನ ಕೈ ಬಿಟ್ಟು ಚಮಚದಲ್ಲಿ ತಿಂದರು. ಮೂರೂವರೆಗೆ ಸೈಕಲ್ಲು ನಿಂತಿತು. ಮೇಜಿನ ಮೇಲೆ ಬಿಡಿಭಾಗದ ಎರಡು ಡಬ್ಬಿ ಖಾಲಿಯಾಗದೆ ಉಳಿದಿದ್ದವು. ‘ಏನೋ ಗೊತ್ತಿಲ್ಲ ೧’ ಮತ್ತು ‘ಏನೋ ಗೊತ್ತಿಲ್ಲ ೨’.

“ಕಂಪನಿಯವರು ಜಾಸ್ತಿ ಹಾಕಿರ್ತಾರೆ,” ಎಂದರು ಗಾರ್ಡ್ ಸಾಹೇಬರು ಧೈರ್ಯವಾಗಿ.

ಕೆಳಗಿನ ಓಣಿಯಲ್ಲಿ ಎಲ್ಲರೂ ಸೇರಿದರು. ಲ್ಯಾಬ್ ಸಾರ್ ಹತ್ತಿ ಕೂತರು. ಬಲಗಾಲು ಮೇಲಕ್ಕೆ ಬಂತು. ಕೆಳಕ್ಕೆ ಇಳಿಯಿತು. ಟೈಲರ್ ಅಕ್ಕ ಕಣ್ಣು ಮುಚ್ಚಿಕೊಂಡಳು.

ಏನೂ ಇಲ್ಲ.

ಇನ್ನೊಂದು ಸಲ ತುಳಿದರು. ಓಣಿಯ ಆ ತುದಿಗೆ ಹೋಗಿ ಬಂದರು. ಕೆಟ್ಟ ಏರಿನ ಬೀದಿಯಲ್ಲಿ ಸೀಟಿನಿಂದೆದ್ದು ಮೈಭಾರವೆಲ್ಲ ಹಾಕಿ ತುಳಿದರು. ಸೈಕಲ್ಲು ಬೆಣ್ಣೆಯೊಳಗೆ ಚಾಕು ಇಳಿದಷ್ಟು ಮೆತ್ತಗೆ ಹೋಯಿತು.

“ನನ್ನ ಎಣ್ಣೆ,” ಎಂದಳು ಟೈಲರ್ ಅಕ್ಕ.

“ನನ್ನ ಸುತ್ತಿಗೆ,” ಎಂದರು ಗಾರ್ಡ್ ಸಾಹೇಬರು.

ಯಾವುದರಿಂದ ಹೋಯಿತೋ ಲ್ಯಾಬ್ ಸಾರ್‌ಗೆ ಗೊತ್ತಿರಲಿಲ್ಲ. ಗೊತ್ತಾಗಬೇಕೆಂದೂ ಅನಿಸಲಿಲ್ಲ. ಕನ್ನಡಕ ಒರೆಸಿಕೊಂಡು, ಹೆಲ್ಮೆಟ್ಟು ಹಾಕಿಕೊಂಡು ಗುಡ್ಡದ ಕಡೆ ಹೊರಟರು.

ಟೀ ಅಂಗಡಿಯ ಬಳಿ ಐವರೂ ಕಾಯುತ್ತಿದ್ದರು. ಲ್ಯಾಬ್ ಸಾರ್ ಬೇಕೆಂದೇ ಅವರ ಸುತ್ತ ಎರಡು ಸುತ್ತು ಹಾಕಿ ನಿಲ್ಲಿಸಿದರು. ಯಾರೂ ಏನೂ ಅನ್ನಲಿಲ್ಲ. ಬೇಕರಿಯವರು ಪಶುವೈದ್ಯರ ಜೊತೆ ಯಾವುದೋ ಎಮ್ಮೆಯ ಹೆರಿಗೆಯ ಮಾತಿನಲ್ಲಿ ಮುಳುಗಿದ್ದರು. “ಬಂದ್ರಾ, ಹೊರಡೋಣ,” ಎಂದು ಪಶುವೈದ್ಯರು ಸೈಕಲ್ ಹತ್ತಿಯೇಬಿಟ್ಟರು.

ಇಡೀ ದಿನದ ತಪಸ್ಸು ಹೀಗೆ ನೀರಿಗೆ ಹೋದದ್ದು ನೋಡಿ ಲ್ಯಾಬ್ ಸಾರ್‌ಗೆ ಅಳುವೇ ಬಂತು. ತಮ್ಮ ಪಾಡಿಗೆ ತಾವು ಹಿಂದೆ ತುಳಿಯತೊಡಗಿದರು. ಹಾದಿ ನೀಲಗಿರಿ ತೋಪಿನೊಳಗೆ ಹೊಕ್ಕಿತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವರಿಗೆ ಹಕ್ಕಿ ಕೂಗುವುದು, ಒಣಗಿದ ಎಲೆ ಟೈರಿನಡಿ ಪುಡಿಯಾಗುವುದು, ತಮ್ಮದೇ ಏದುಸಿರು, ಎಲ್ಲ ಬೇರೆಬೇರೆಯಾಗಿ ಕೇಳಿಸಿತು. ಆಗ ಹೊಳೆಯಿತು ಆ ಯೋಚನೆ.

ದೊಡ್ಡ ಹಾದಿ ಗುಡ್ಡವನ್ನು ಬಳಸಿಕೊಂಡು, ಮೈಲಿಗಟ್ಟಲೆ ಸುತ್ತಿ, ಮೇಲಿನ ಹಾಸುಬಂಡೆಗೆ ಹೋಗುತ್ತಿತ್ತು. ಮಧ್ಯೆ ದನ ನಡೆದು ಬಿದ್ದ ಕಾಲುಹಾದಿಯೊಂದು ನೇರ ಬಂಡೆಗೆ ಹತ್ತುತ್ತಿತ್ತು. ಇಷ್ಟು ದಿನ ಆ ಕಡೆ ತಿರುಗಿದರೆ ಶಬ್ದ ಸಾರಿ ಹೇಳುತ್ತಿತ್ತು. ಇವತ್ತು ಯಾರಿಗೂ ತಿಳಿಯುವುದಿಲ್ಲ. ಅವರು ಬೆವರಿಳಿಸಿಕೊಂಡು ಬಂದಾಗ ಬಂಡೆಯ ಮೇಲೆ ತಾವು ಕಾಲು ಚಾಚಿ ಕೂತಿರಬೇಕು. ಆಗಲಾದರೂ ನೋಡುತ್ತಾರಲ್ಲ.

ಲ್ಯಾಬ್ ಸಾರ್ ಸೈಕಲ್ಲನ್ನು ಹೆಗಲಿಗೆ ಏರಿಸಿ ಕಾಲುಹಾದಿ ಹಿಡಿದರು. ಮುಳ್ಳು ತರಚಿತು, ಎರಡು ಸಲ ಜಾರಿದರು, ಒಂದು ಸಲ ಸೈಕಲ್ಲೇ ಇವರ ಮೇಲೆ ಸವಾರಿ ಮಾಡಿತು. ಅಂತೂ ಬಂಡೆ ತಲುಪಿದರು. ಬಂಡೆಯ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ.

ಜೀವಮಾನದಲ್ಲಿ ಮೊದಲ ಸಲ ಅವರು ಯಾವುದರಲ್ಲೋ ಮೊದಲಿಗರಾಗಿದ್ದರು. ಬಟ್ಟೆಯ ಮೇಲಿನ ಮಣ್ಣು ಕೊಡವಿ, ಉಸಿರು ಸರಿಮಾಡಿಕೊಂಡು, ಬೇಸರ ಬಂದವರಂತೆ ಒಂದು ಮೊಣಕೈ ಮೇಲೆ ಒರಗಿದರು. ಹೇಳಬೇಕಾದ ಮಾತನ್ನೂ ಗಟ್ಟಿಯಾಗಿ ಅಭ್ಯಾಸ ಮಾಡಿದರು. “ಬಂದ್ರಾ? ನಾನೂ ಈಗಷ್ಟೇ ಬಂದೆ.” ‘ಈಗಷ್ಟೇ’ ಅನ್ನುವುದನ್ನು ಸ್ವಲ್ಪ ಎಳೆದರೆ ಚೆನ್ನ ಅನಿಸಿತು.

ಹತ್ತು ನಿಮಿಷವಾಯಿತು. ಅರ್ಧ ಗಂಟೆಯಾಯಿತು. ಮೊಣಕೈ ಜೋಮು ಹಿಡಿಯಿತು, ಇನ್ನೊಂದು ಮೊಣಕೈಗೆ ಬದಲಾಯಿಸಿದರು. ಇವರೆಲ್ಲ ಎಷ್ಟು ನಿಧಾನ ಅಂತ ತಮಗೆ ಇಷ್ಟು ದಿನ ತಿಳಿದೇ ಇರಲಿಲ್ಲವಲ್ಲ ಎಂದು ಆಶ್ಚರ್ಯಪಟ್ಟರು. ಫೋನು ನೋಡಿದರೆ ಸಿಗ್ನಲ್ ಇರಲಿಲ್ಲ.

ಮುಕ್ಕಾಲು ಗಂಟೆಯಾದ ಮೇಲೆ ಕೆಳಗಿನ ಕಣಿವೆಯಿಂದ ಕೂಗಾಟ ಕೇಳಿಸಿತು. ಇಣುಕಿದರೆ ಮರಗಳ ನಡುವೆ ಜನ ಓಡಾಡುತ್ತಿದ್ದರು. ಯಾರೋ ಪಾಪ ಬಿದ್ದಿರಬೇಕು ಅನಿಸಿತು. ಆಸ್ಪತ್ರೆಯ ಗಾಳಿ ಬೀಸುವ ಕಡೆ ಕೆಲಸ ಮಾಡುವವರು, ಸುಮ್ಮನಿರಲಾದೀತೆ? ಸೈಕಲ್ ಹತ್ತಿ ದೊಡ್ಡ ಹಾದಿಯಲ್ಲಿ ಇಳಿದರು. ತಿರುವಿನಲ್ಲಿ ಹೆಗಲಿಗೆ ಹಗ್ಗದ ಸುರುಳಿ ಹಾಕಿಕೊಂಡ ಅರಣ್ಯದ ಕಾವಲುಗಾರ ಸಿಕ್ಕ.

“ಏನಾಯ್ತಪ್ಪ?”

“ಯಾರೋ ಸೈಕಲ್ಲಿನೋರು ಕಾಣೆಯಾಗಿದಾರೆ ಸಾರ್. ಕಣಿವೆಗೆ ಬಿದ್ದಿದಾರೆ ಅಂತ ಅನುಮಾನ.”

“ಅಯ್ಯೋ ಪಾಪ. ನೋಡೋಕೆ ಹೇಗಿದಾರಂತೆ?”

“ವಯಸ್ಸಾದೋರಂತೆ. ಡುಮ್ಮಗೆ. ಕಣ್ಣೂ ಸರಿಯಾಗಿ ಕಾಣಲ್ವಂತೆ.”

ಅಂಥವರನ್ನು ತಾವು ದಾರಿಯಲ್ಲಿ ನೋಡಿಲ್ಲ ಎಂದು ಲ್ಯಾಬ್ ಸಾರ್ ಪ್ರಾಮಾಣಿಕವಾಗಿ ಹೇಳಿದರು. “ಆ ವಯಸ್ಸಲ್ಲಿ ಗುಡ್ಡಕ್ಕೆ ಒಬ್ಬರನ್ನೇ ಯಾಕೆ ಕಳಿಸ್ತಾರೆ ಮನೆಯವರು?” ಎಂದು ಬೈದು, ಕಾವಲುಗಾರನ ಜೊತೆ ಕಣಿವೆಯ ಅಂಚಿಗೆ ಹೋದರು. ಅವನು ಹಗ್ಗ ಬಿಟ್ಟು ಇಳಿದ. ಇವರು ಮರಕ್ಕೆ ಕಾಲೊತ್ತಿ ಹಗ್ಗದ ತುದಿ ಹಿಡಿದರು. “ಎಡಗಡೆ ಪೊದೆ ನೋಡಪ್ಪ, ಡುಮ್ಮಗಿದ್ರೆ ಪೊದೆಯಲ್ಲೇ ಸಿಕ್ಕಿಕೊಂಡಿರ್ತಾರೆ,” ಎಂದು ಮೇಲಿನಿಂದ ಸಲಹೆ ಕೊಟ್ಟರು. ಇಪ್ಪತ್ತು ನಿಮಿಷ ಹೀಗೆ ಹುಡುಕಿದ ಮೇಲೆ ಆಚೆ ದಿಬ್ಬದಿಂದ ಹಲವಾರು ಗಂಟಲು ಒಟ್ಟಿಗೆ ಕೂಗಿದ್ದು ಗಾಳಿಯಲ್ಲಿ ತೇಲಿ ಬಂತು.

“ಕಿರಕಿರಿಯೋರೇ... ಓ ಕಿರಕಿರಿಯೋರೇ...”

“ಅದೇ ಅವರ ಹೆಸರಂತೆ ಸಾರ್,” ಎಂದ ಕಾವಲುಗಾರ ಪೊದೆಯೊಳಗಿಂದ. “ಪಾಪ, ಎಂಥ ಹೆಸರಿಟ್ಟಿದಾರೆ ಅಪ್ಪ ಅಮ್ಮ.”

ಲ್ಯಾಬ್ ಸಾರ್ ಕೈಯಿಂದ ಹಗ್ಗ ಜಾರಿತು. ಅದೃಷ್ಟಕ್ಕೆ ಕಾವಲುಗಾರ ಅಷ್ಟು ಹೊತ್ತಿಗೆ ಒಂದು ಕೊಂಬೆ ಹಿಡಿದಿದ್ದ.

ಮುಂದಿನದು ಬೇಗ ನಡೆಯಿತು. ಪಶುವೈದ್ಯರು ಓಡಿ ಬಂದು ಲ್ಯಾಬ್ ಸಾರ್ ಅವರ ಭುಜ ಹಿಡಿದು ಅಲ್ಲಾಡಿಸಿ, ಕೈಕಾಲು ಹಿಸುಕಿ, ರೂಢಿಯಂತೆ ಬಾಯಿ ತೆರೆಸಿ ಹಲ್ಲನ್ನೂ ನೋಡಿದರು. ಬೇಕರಿಯವರು ಒಂದು ಕಲ್ಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

“ಎಲ್ಲಿ ಹೋಗಿದ್ರಿ ಮಾರಾಯ್ರೆ?” ಎಂದರು ಪಶುವೈದ್ಯರು. “ಮೊದಲನೇ ತಿರುವಿನಲ್ಲಿ ಕಿವಿಗೊಟ್ಟು ನೋಡ್ತೀವಿ, ಶಬ್ದ ಇಲ್ಲ. ಎದೆ ಧಸಕ್ ಅಂತು. ವಾಪಸ್ ಬಂದ್ರೆ ನೀವೂ ಇಲ್ಲ, ಸೈಕಲ್ಲೂ ಇಲ್ಲ.”

“ಶಬ್ದ... ಅದನ್ನ ನಾನು ತೆಗೆದುಬಿಟ್ಟೆ ಡಾಕ್ಟ್ರೇ. ನಿಮಗೆಲ್ಲ ಕಿರಕಿರಿ ಆಗ್ತಿತ್ತಲ್ಲ ಅಂತ.”

“ಕಿರಕಿರಿನಾ?” ಬೇಕರಿಯವರು ಮೂಗು ಒರೆಸಿಕೊಂಡರು. “ಆ ಶಬ್ದ ಇದ್ದಿದ್ದಕ್ಕೇ ನಾವು ನೆಮ್ಮದಿಯಾಗಿ ಮುಂದೆ ಹೋಗ್ತಿದ್ದದ್ದು ಸಾರ್. ಒಂದು ಸಲಾನೂ ತಿರುಗಿ ನೋಡಬೇಕಾಗಿರಲಿಲ್ಲ. ಕಿರ್‌ಕ್ ಅಂದ್ರೆ ನೀವಿದೀರ ಅಂತ. ನಮ್ಮ ಹುಡುಗಿ ತೊಟ್ಟಿಲಲ್ಲಿ ಅತ್ತ ಹಾಗೆ.”

ಲ್ಯಾಬ್ ಸಾರ್ ಮನೆಗೂ ಫೋನು ಹೋಗಿತ್ತು. ಸಿಗ್ನಲ್ ಸಿಗುವ ದಿಬ್ಬ ಹತ್ತಿ ಪಶುವೈದ್ಯರು ಸುದ್ದಿ ಹೇಳಿದರೆ, ಆ ಕಡೆಯಿಂದ ಹೆಂಡತಿ, “ಅವರೆಲ್ಲೂ ಕಳೆದುಹೋಗಿರಲ್ಲ ಡಾಕ್ಟ್ರೇ. ಎಲ್ಲೋ ಕೂತು ಏನೋ ಬಿಚ್ತಾ ಇರ್ತಾರೆ,” ಎಂದಿದ್ದಳಂತೆ. ಆದರೆ ದನಿ ಮಾತ್ರ ನಡುಗುತ್ತಿತ್ತು ಎಂದು ಪಶುವೈದ್ಯರು ಸೇರಿಸಿದರು. ಲ್ಯಾಬ್ ಸಾರ್ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ವಾರದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದುಹೋಗಿತ್ತು.

“ಸರಿ, ಈಗ ಆ ಶಬ್ದ ವಾಪಸ್ ಹಾಕಿ,” ಎಂದರು ಪಶುವೈದ್ಯರು. “ಅದಿಲ್ಲದೆ ನಿಮ್ಮನ್ನ ಕರ್ಕೊಂಡು ಹೋಗೋ ಧೈರ್ಯ ನಮಗಿಲ್ಲ.”

“ಹಾಕ್ಬಹುದು ಡಾಕ್ಟ್ರೇ. ಆದ್ರೆ ಯಾವುದನ್ನ ಸರಿಮಾಡಿದ್ದಕ್ಕೆ ಅದು ಹೋಯ್ತು ಅಂತಾನೇ ಗೊತ್ತಿಲ್ಲ. ಎಲ್ಲಾನೂ ಬಿಚ್ಚಿದ್ವಿ.”

ಆರು ಜನ ತಲೆ ಕೆಡಿಸಿಕೊಂಡು ಕೂತಿದ್ದಾಗ ದನ ಮೇಯಿಸುವ ಅಜ್ಜಿಯೊಬ್ಬಳು ಕೋಲೂರಿಕೊಂಡು ಬಂದಳು. ಅವಳು ಬೆಳಗಿನಿಂದ ಅದೇ ಗುಡ್ಡದಲ್ಲಿದ್ದವಳು, ಹುಡುಕಾಟಕ್ಕೆ ಸೇರಿಕೊಂಡಿದ್ದಳು. ಪಶುವೈದ್ಯರನ್ನು ಕಂಡರೆ ಅವಳಿಗೆ ಬಲು ಅಕ್ಕರೆ. ವಿಷಯ ಕೇಳಿ, “ಇಷ್ಟಕ್ಕೆ ಯಾಕೆ ಚಿಂತೆ ಮಾಡ್ತೀರಿ ಡಾಕ್ಟರಪ್ಪ?” ಎಂದು ಹತ್ತಿರದಲ್ಲಿದ್ದ ಕರುವಿನ ಕೊರಳಿನಿಂದ ಗಂಟೆ ಬಿಚ್ಚಿ ಕೊಟ್ಟಳು. “ನಮ್ಮ ದನ ತಪ್ಪಿಸ್ಕೊಂಡ್ರೂ ಇದರಿಂದಾನೇ ಹುಡುಕೋದು.”

ಗಂಟೆಯನ್ನು ಸೀಟಿನ ಕೆಳಗೆ ಹಗ್ಗದಿಂದ ಕಟ್ಟಲಾಯಿತು. ಲ್ಯಾಬ್ ಸಾರ್ ನಾಲ್ಕು ಹೆಜ್ಜೆ ತುಳಿದರು. ಢಣ್, ಢಣ್, ಢಣ್. ಐವರ ಮುಖವೂ ಅರಳಿತು. ಬೇಕರಿಯವರು ಚಪ್ಪಾಳೆ ತಟ್ಟಿದರು. ಕೊಂಚ ನಾಚಿಕೆಯಾದರೂ ಲ್ಯಾಬ್ ಸಾರ್‌ಗೆ ಒಳಗೊಳಗೇ ಹಿಗ್ಗು. ತಮ್ಮ ಸದ್ದಿಗೆ ಕಿವಿಗೊಡುವವರು ಐದು ಜನ ಇದ್ದಾರೆ ಎನ್ನುವುದು ಸಣ್ಣ ಸಂಗತಿಯಲ್ಲ.

ಬೆಳಕು ಇಳಿಮುಖವಾಗಿತ್ತು. ಪಶುವೈದ್ಯರು ಮುಂದೆ, ನಾಲ್ವರು ಹಿಂದೆ, ಆಮೇಲೆ ಸುಮಾರು ಖಾಲಿ ಜಾಗ, ಆಮೇಲೆ ಢಣ್ ಢಣ್ ಎಂದು ಲ್ಯಾಬ್ ಸಾರ್. ಎಲ್ಲರೂ ಮಾತಾಡಿಕೊಂಡು ನಿಶ್ಚಿಂತೆಯಿಂದ ಇಳಿಯುತ್ತಿದ್ದರು. ಎರಡನೆಯ ತಿರುವಿನಲ್ಲಿ ಲ್ಯಾಬ್ ಸಾರ್ ಟೈರಿಗೆ ಮುಳ್ಳು ನೆಟ್ಟಿತು. ಉಸ್ಸೆಂದು ಗಾಳಿ ಹೋಗಿ ಸೈಕಲ್ಲು ನಿಂತಿತು. ಗಂಟೆಯೂ ನಿಂತಿತು.

ಅವರಿಗೆ ಗಾಬರಿಯೇನೂ ಆಗಲಿಲ್ಲ. ಸದ್ದು ನಿಂತರೆ ಅವರು ನಿಲ್ಲುತ್ತಾರೆ, ತಿರುಗಿ ಬರುತ್ತಾರೆ. ಸೈಕಲ್ಲನ್ನು ಮೆಲ್ಲಗೆ ಮಲಗಿಸಿ, ಪಕ್ಕದ ಕಲ್ಲಿನ ಮೇಲೆ ಕೂತು ಕಾದರು.

ಆಗ ಹಿಂದಿನಿಂದ ಅಜ್ಜಿಯ ದನಗಳು ಮನೆಯ ಹಾದಿ ಹಿಡಿದು ಬಂದವು. ಎಲ್ಲಕ್ಕಿಂತ ಮುಂದಿದ್ದ ಮುದಿ ಹಸು ಲ್ಯಾಬ್ ಸಾರ್ ಅವರನ್ನು ಒಮ್ಮೆ ಮೂಸಿ, ಹಾದಿಯ ನಟ್ಟನಡುವೆ, ಸೈಕಲ್ಲಿನವರ ಹಿಂದೆಯೇ, ಅವಸರವಿಲ್ಲದೆ ನಡೆದುಹೋಯಿತು. ಅದರ ಕೊರಳಲ್ಲೂ ಒಂದು ಗಂಟೆಯಿತ್ತು. ಢಣ್, ಢಣ್, ಢಣ್.

“ಡಾಕ್ಟ್ರೇ,” ಎಂದು ಲ್ಯಾಬ್ ಸಾರ್ ಎದ್ದು ನಿಂತು ಕೂಗಿದರು. “ಡಾಕ್ಟ್ರೇ, ಅದು ನಾನಲ್ಲ.”

ಅವರ ದನಿ ಗಂಟೆಯ ಸದ್ದಿನಲ್ಲಿ ಕರಗಿಹೋಯಿತು. ದೂರ ಕೆಳಗಿನ ತಿರುವಿನಿಂದ ಪಶುವೈದ್ಯರ ತುಂಬು ಸಂತೋಷದ ದನಿ ಮೇಲೇರಿ ಬಂತು.

“ಕೇಳಿಸ್ತಾ ಇದೆ, ಕೇಳಿಸ್ತಾ ಇದೆ. ಇವತ್ತು ಒಳ್ಳೇ ವೇಗದಲ್ಲಿ ಬರ್ತಾ ಇದೀರ. ಹಾಗೇ ಬನ್ನಿ.”